ಎತ್ತಿಟ್ಟ ಬಕೆಟ್ ತಾನಾಗೇ ಇಳಿಯುತ್ತಿದ್ದರೆ
ಸರ್, ಮಣ್ಣೆತ್ತೋ ಹಳೇ ಲೋಡರ್ ಮಷಿನ್ ಆಫ್ ಮಾಡಿದ ಮೇಲೆ ಮುಂಭಾಗದ ಬಕೆಟ್ ಮೆಲ್ಲಗೆ ಇಳಿಯುತ್ತೆ, ಅದನ್ನು ಎತ್ತೋ ಹೈಡ್ರಾಲಿಕ್ ಸಿಲಿಂಡರ್ ಒಳಗಿನ ಸೀಲ್ ಬದಲಿಸಲಾ ಅಂತ ಕೇಳಿದ್ದೀರಿ. ತಡೀರಿ, ಸೀಲ್ ಕಿಟ್ ಈಗಲೇ ತರಬೇಡಿ. ನಾನೂ ಹೀಗೇ ದುಡುಕಿ ಎರಡೂ ಕಡೆ ಸೀಲ್ ಹಾಕಿದೆ. ಬಕೆಟ್ ಇಳಿಯೋದು ಮಾತ್ರ ನಿಲ್ಲಲಿಲ್ಲ. ತೊಂದರೆ ಇದ್ದದ್ದು ಎಣ್ಣೆಯ ಹರಿವು ಹಿಡಿತದಲ್ಲಿಡೋ ವಾಲ್ವ್‌ನಲ್ಲಿ.

ಮೊದಲು ಪರೀಕ್ಷೆ ಮಾಡಿ. ಬಕೆಟ್ ಹೊತ್ತ ಆರ್ಮ್ ಪೂರ್ತಿ ಎತ್ತಿ, ಅದು ಕೆಳಗೆ ಬೀಳದಂತೆ ತಡೆಯೋ ಸೇಫ್ಟಿ ಸ್ಟ್ರಟ್ ಹಾಕಿ (ಸ್ಟ್ರಟ್ ಇಲ್ಲವಾ? ಹಾಗಾದ್ರೆ ಕೈಯೇ ಹಾಕಬೇಡಿ, ಮರದ ದಿಮ್ಮಿ ನಂಬೋಕಾಗಲ್ಲ). ಇಂಜಿನ್ ನಿಲ್ಲಿಸಿ, ಲಿವರ್ ಹಿಂದೆಮುಂದೆ ಆಡಿಸಿ ಪ್ರೆಶರ್ ಬಿಡಿ. ಒಂದು ಸಿಲಿಂಡರಿನ ರಾಡ್ (ಹೊರಗೆ ಚಾಚೋ ಕಂಬಿ) ಇರೋ ಕಡೆಯ ಹೋಸ್ ಬಿಚ್ಚಿ, ಹೋಸ್ ಬಾಯಿಗೆ ಸ್ಟೀಲ್ ಪ್ಲಗ್ ಬಿಗಿಯಿರಿ. ಸಿಲಿಂಡರ್ ಬಾಯಿ ತೆರೆದಿರಲಿ, ಕೆಳಗೆ ಡಬ್ಬ ಇಡಿ. ಸ್ಟಾರ್ಟ್ ಮಾಡಿ, ಒಬ್ಬರು ಎತ್ತುವ ಲಿವರ್ ಹಿಡಿಯಲಿ. ನೀವು ದೂರ ನಿಂತು ನೋಡಿ. ಸ್ವಲ್ಪ ಎಣ್ಣೆ ಬಂದು ನಿಂತರೆ ಸೀಲ್ ಸರಿಯಿದೆ. ಹರೀತಾನೇ ಇದ್ದರೆ ಸೀಲ್ ಹೋಗಿದೆ. ಮತ್ತೆ ಇಂಜಿನ್ ನಿಲ್ಲಿಸಿ, ಪ್ರೆಶರ್ ಬಿಟ್ಟು, ಆ ಹೋಸ್ ಜೋಡಿಸಿ, ಇನ್ನೊಂದು ಸಿಲಿಂಡರನ್ನೂ ಹೀಗೇ ನೋಡಿ. ಎರಡೂ ಸರಿಯಿದ್ದರೆ ವಾಲ್ವ್ ಬ್ಲಾಕ್‌ನ ಸ್ಪೂಲ್ (ಲಿವರ್ ಜೊತೆ ಸರಿದು ಎಣ್ಣೆಯ ದಾರಿ ಬದಲಿಸೋ ಕಡ್ಡಿ) ಸವೆತ ನೋಡಿಸಿ.

ಮತ್ತೆ, ಸೋರಿಕೆ ಹುಡುಕೋಕೆ ಬೆರಳು ಸವರಬೇಡಿ, ರಟ್ಟು ಹಿಡೀರಿ. ಪ್ರೆಶರ್ ಎಣ್ಣೆ ಚರ್ಮದೊಳಗೆ ನುಗ್ಗಿದರೆ, ನೋವಿಲ್ಲದಿದ್ದರೂ, ಆಗಲೇ ಆಸ್ಪತ್ರೆಗೆ ಹೋಗಿ.