ಗುಡ್ಡ ಸರಿದದ್ದು ಎತ್ತ ಕಡೆ?

ಖಾನಾಪುರದ ಗೆಳೆಯರೇ,

ಚೋರ್ಲಾ ಘಾಟಿನ ಭೂಕುಸಿತದ ಬಗ್ಗೆ ನೀವು ಕಳಿಸಿದ ಲೇಖನ ಬೆಳಗಾವಿಗೆ ಮುಟ್ಟಿತು. ಮೊದಲ ಪುಟದ ಮಳೆ ಚಲೋ ಬಂದಿದೆ. ಅಷ್ಟು ಚೆಂದ ಬರೆಯುವವರು ಮೂರನೇ ಪುಟದಲ್ಲಿ ಹೀಗೆ ಬರೆದರಲ್ಲ ಎಂದೇ ನನಗೆ ಸಿಟ್ಟು.

‘ಸೆಂಟಿನೆಲ್-1ರ ಎರಡು ಫೋಟೊ ಹೋಲಿಸಿದರೆ ಗುಡ್ಡ 2.8 ಸೆಂ.ಮೀ. ಕೆಳಗೆ ಜಾರಿದ್ದು ಕಾಣುತ್ತದೆ.’ ಸೆಂಟಿನೆಲ್-1 ರೇಡಾರ್ ಉಪಗ್ರಹ. ಹೋಲಿಸುವುದು ಫೋಟೊಗಳನ್ನಲ್ಲ, ನೆಲಕ್ಕೆ ಬಡಿದು ಮರಳಿ ಬಂದ ರೇಡಾರ್ ಅಲೆಯ ಫೇಸ್ ಅನ್ನು, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿ ಮರಳಿತು ಎಂಬುದನ್ನು. ಅಲೆಯುದ್ದ ಸುಮಾರು 5.6 ಸೆಂ.ಮೀ.; ಅಲೆ ಹೋಗಿ ಬರಬೇಕಲ್ಲ, ಅದಕ್ಕೇ ಫೇಸ್ ವ್ಯತ್ಯಾಸದ ನಕ್ಷೆಯಲ್ಲಿ ಬಣ್ಣಗಳು ಒಂದು ಸುತ್ತು ಮುಗಿಸಿದರೆ ಸರಿದದ್ದು ಅಲೆಯುದ್ದದ ಅರ್ಧ, 2.8. ಅಂಕಿ ಸರಿ ಇದೆ. ‘ಕೆಳಗೆ’ ಎಲ್ಲಿಂದ ಬಂತು? ಉಪಗ್ರಹ ಓರೆಯಾಗಿ ನೋಡುತ್ತದೆ. ಆ ನೋಟದ ಗೆರೆಯಲ್ಲಿ ಹೆಚ್ಚುಕಡಿಮೆಯಾದ ದೂರ ಮಾತ್ರ ಅದಕ್ಕೆ ಗೊತ್ತು.

ಪಡುವಣಕ್ಕೆ ಮುಖಮಾಡಿದ 30 ಡಿಗ್ರಿ ಇಳಿಜಾರು, ನೋಟದ ಕೋನ ಲಂಬದಿಂದ 38 ಡಿಗ್ರಿ ಅನ್ನಿ. ಮಣ್ಣು ಇಳಿಜಾರಿನಗುಂಟ 10 ಸೆಂ.ಮೀ. ಜಾರಿತು. ಉಪಗ್ರಹ ಉತ್ತರಕ್ಕೆ ಏರುತ್ತ ಹಾದುಹೋಗುವ ಪಾಳಿಯಲ್ಲಿ ಪಡುವಣದಿಂದ ನೋಡುತ್ತದೆ. ಜಾರಿದ ಮಣ್ಣು ಅದರತ್ತ ಬಂದದ್ದೂ ಹೌದು, ತಗ್ಗಿಗೆ ಇಳಿದದ್ದೂ ಹೌದು. ಒಂದನ್ನೊಂದು ತಿಂದು ಉಳಿಯುವುದು ಒಂದೂವರೆ ಸೆಂ.ಮೀ.ಗೂ ಕಡಿಮೆ, ಅದೂ ಉಪಗ್ರಹದ ಹತ್ತಿರ ಬಂದಂತೆ! ದಕ್ಷಿಣಕ್ಕೆ ಇಳಿಯುವ ಪಾಳಿಯಲ್ಲಿ ಮೂಡಣದಿಂದ ನೋಡುತ್ತದೆ; ಆಗ ಅದೇ ಜಾರಿಕೆ 9 ಸೆಂ.ಮೀ.ಗೂ ಹೆಚ್ಚು ದೂರ ಸರಿದಂತೆ ಕಾಣುತ್ತದೆ. ತೆಂಕಣಕ್ಕೋ ಬಡಗಣಕ್ಕೋ ನೇರ ಸರಿದರೆ ಎರಡೂ ಪಾಳಿಗೆ ಬಹುತೇಕ ಕುರುಡು. ನಾನು ಕೆಲಸ ಕಲಿಯುವಾಗ ಹಿರಿಯರೊಬ್ಬರು ಪ್ರತಿ ಅಂಕಿಯ ಪಕ್ಕ ಕೆಂಪು ಪೆನ್ನಿನಲ್ಲಿ ‘ಎತ್ತ ಕಡೆ?’ ಎಂದು ಗೀಚುತ್ತಿದ್ದರು. ನಿಮ್ಮ ಪ್ರತಿಯ ಮೇಲೆ ನಾನೂ ಗೀಚಿದ್ದೇನೆ, ಆರು ಕಡೆ.

‘ಮೋಡವಿರಲಿ ಕಾಡಿರಲಿ, ರೇಡಾರ್‌ಗೆ ಅಡ್ಡಿಯಿಲ್ಲ.’ ಮೋಡ ದಾಟುತ್ತದೆ, ಒಪ್ಪಿದೆ. ಆದರೆ ಮಳೆಗಾಲದ ಗಾಳಿಯ ತೇವ ಅಲೆಯನ್ನು ತಡಮಾಡಿ, ಅಲುಗದ ನೆಲವನ್ನೂ ಸೆಂಟಿಮೀಟರ್‌ಗಟ್ಟಲೆ ಅಲುಗಿಸಿ ತೋರಿಸುತ್ತದೆ. ಕಾಡಿನದು ಇನ್ನೂ ದೊಡ್ಡ ತಕರಾರು. 5.6 ಸೆಂ.ಮೀ. ಅಲೆ ಎಲೆ-ಟೊಂಗೆಗೇ ಬಡಿದು ಮರಳುತ್ತದೆ. 12 ದಿನ ಬಿಟ್ಟು ಬಂದರೆ ಆ ಎಲೆಗಳು ಇದ್ದಂತೆ ಇರುವುದಿಲ್ಲ. ಎರಡು ಸಲದ ಫೇಸ್‌ಗಳಿಗೆ ತಾಳಮೇಳ ತಪ್ಪಿ ನಕ್ಷೆ ತುಂಬ ಬಣ್ಣದ ಚುಕ್ಕಿ. ಆ ಚುಕ್ಕಿಗಳನ್ನೇ ನೀವು ‘ಜಾರಿಕೆ’ ಎಂದು ಓದಿದ್ದೀರಿ. ದಟ್ಟ ಕಾಡಿಗೆ ಉದ್ದ ಅಲೆ ಬೇಕು; 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ರೇಡಾರ್ ಉಪಗ್ರಹದ ಎಲ್-ಬ್ಯಾಂಡ್ ಎಂಬ ಅಲೆಯ ಉದ್ದ ಸುಮಾರು 24 ಸೆಂ.ಮೀ.

‘ಮುನ್ನಾದಿನವೇ ಎಚ್ಚರಿಸುತ್ತದೆ’ ಎಂಬುದನ್ನು ಹೊಡೆದುಹಾಕಿದ್ದೇನೆ. ಮೆಲ್ಲಗೆ ತೆವಳುವ ಗುಡ್ಡಕ್ಕೆ ಈ ವಿದ್ಯೆ. ನಿಮಿಷದಲ್ಲಿ ನುಗ್ಗುವ ಕೆಸರಿಗಲ್ಲ. ಉಪಗ್ರಹದ ಎರಡು ಭೇಟಿಯ ನಡುವೆ ಪಕ್ಕಪಕ್ಕದ ಬಿಂದುಗಳು ಸರಿದದ್ದರಲ್ಲಿ ವ್ಯತ್ಯಾಸ 1.4 ಸೆಂ.ಮೀ. ಮೀರಿದರೇ ಲೆಕ್ಕ ತಪ್ಪುತ್ತದೆ.

ತಿದ್ದಿ ಕಳಿಸುವಾಗ ನಕ್ಷೆಯ ಕೆಳಗೆ ಪಾಳಿ, ಎರಡೂ ತಾರೀಖು, ಆಧಾರಬಿಂದು (ಅಲುಗದೆಂದು ಹಿಡಿದು ಉಳಿದದ್ದನ್ನು ಅಳೆಯುವ ಜಾಗ) ಬರೆಯಿರಿ. ಆಧಾರಬಿಂದುವಿಗೆ ಗದ್ದೆ ಬೇಡ, ಗಟ್ಟಿ ಬಂಡೆಯೋ ಹಳೆಯ ಕಾಂಕ್ರೀಟ್ ಕಟ್ಟಡವೋ ಇರಲಿ. ಮೊದಲ ಪುಟ ಮುಟ್ಟಬೇಡಿ.