ರಾಜನಿಗೆ ಪ್ರಮಾಣ ಮಾಡಬೇಕಾ ಎಂದು ಕೇಳಿದ ಕಾರವಾರದ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಕಾರವಾರದಿಂದ ನರ್ಸ್ ಕೆಲಸಕ್ಕೆ ಇಂಗ್ಲೆಂಡಿಗೆ ಬರುತ್ತಿದ್ದೇನೆ, ಅಲ್ಲಿ ಈಗಲೂ ರಾಜ ಇದ್ದಾನಲ್ಲ, ಅವನಿಗೆ ನಿಜವಾಗಿ ಏನು ಅಧಿಕಾರ ಇದೆ, ಮುಂದೆ ಪೌರತ್ವ ಬೇಕಾದರೆ ಅವನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಂತೆ, ಮಾಡಬಹುದಾ ಎಂದು ಕೇಳಿದ್ದೀಯ. ಜೊತೆಗೆ ಚಳಿ, ಬಾಡಿಗೆ, ಅಕ್ಕಿ. ಅವನ್ನು ಮೊದಲು ಮುಗಿಸುತ್ತೇನೆ. ಕೋಟು ಊರಿಂದ ತರಬೇಡ, ಇಲ್ಲಿ ಬಂದು ತಗೋ. ಬರೆದ ಕರಾರು ಇಲ್ಲದೆ ಯಾರಿಗೂ ಬಾಡಿಗೆ ಮುಂಗಡ ಕೊಡಬೇಡ. ಕುಚಲಕ್ಕಿ ಮಲಯಾಳಿಗಳ ಅಂಗಡಿಯಲ್ಲಿ ಸಿಗುತ್ತದೆ. ಬಂಗಡೆಯೂ ಸಿಗುತ್ತದೆ, ನಮ್ಮ ಕಡಲಿನ ರುಚಿ ಇರುವುದಿಲ್ಲ. ಉಳಿದದ್ದು ಬಂದ ಮೇಲೆ ತಾನಾಗಿ ತಿಳಿಯುತ್ತದೆ.

ರಾಜನ ವಿಷಯ ಹಾಗಲ್ಲ. ಅದನ್ನು ಸ್ವಲ್ಪ ಉದ್ದಕ್ಕೆ ಹೇಳಲೇಬೇಕು, ಯಾಕೆಂದರೆ ನಾನು ಅಂಕೋಲೆಯವನು.

ನಾನು ಬಂದಾಗ ರಾಣಿ ಎಲಿಜಬೆತ್ ಇದ್ದರು. ಕೈಗೆ ಬಂದ ಚಿಲ್ಲರೆಯ ಮೇಲೆ ಅವರ ಮುಖ, ಅಂಚೆ ಡಬ್ಬಿಯ ಮೇಲೆ ಅವರ ಹೆಸರಿನ ಅಕ್ಷರ, ತೆರಿಗೆಯ ಲಕೋಟೆ ಬಂದರೆ ಅದರ ಮೇಲೆ 'ಮಹಾರಾಣಿಯವರ ಸೇವೆಯಲ್ಲಿ' ಎಂಬ ಸಾಲು. ಇಡೀ ದೇಶ ಒಬ್ಬರ ಕೈಯಲ್ಲೇ ಇದೆ ಅನಿಸಿತ್ತು. ನಿನಗೂ ಮೊದಲ ವಾರ ಹಾಗೇ ಅನಿಸುತ್ತದೆ, ಹೆಸರು ಮಾತ್ರ ಚಾರ್ಲ್ಸ್. ನಮ್ಮ ಬಂಡಿಹಬ್ಬದಲ್ಲಿ ಕಳಸ ಹೊತ್ತವನಿಗೆ ಎಲ್ಲರೂ ಕೈಮುಗಿಯುತ್ತಾರೆ, ಆದರೆ ಊರಿನ ವ್ಯಾಜ್ಯ ತೀರಿಸುವವರು ಬೇರೆ ಇರುತ್ತಾರೆ ಅಲ್ವಾ, ಇಲ್ಲಿಯೂ ಹೆಚ್ಚುಕಡಿಮೆ ಹಾಗೇ.

ಪಾರ್ಲಿಮೆಂಟ್ ಮಾಡಿದ ಕಾನೂನಿಗೆ ರಾಜನ ಒಪ್ಪಿಗೆ ಬೇಕು. ಆದರೆ ಕೊಡುವುದಿಲ್ಲ ಎಂದು ಕೊನೆಯ ಸಲ ಹೇಳಿದ್ದು 1708ರಲ್ಲಿ, ರಾಣಿ ಆನ್, ಅದೂ ಮಂತ್ರಿಗಳೇ ಬೇಡ ಎಂದದ್ದಕ್ಕೆ. ಪಾರ್ಲಿಮೆಂಟಿನ ಹೊಸ ಅಧಿವೇಶನದ ದಿನ ರಾಜ ಕಿರೀಟ ಇಟ್ಟುಕೊಂಡು 'ನನ್ನ ಸರ್ಕಾರ' ಎಂದು ಭಾಷಣ ಓದುತ್ತಾನೆ, ಬರೆದುಕೊಟ್ಟವರು ಮಂತ್ರಿಗಳು. ಪ್ರಧಾನಿಯನ್ನು ನೇಮಿಸುವುದೂ ಅವನೇ, ಆದರೆ ಕೆಳಮನೆಯ ಬೆಂಬಲ ಇದ್ದವರನ್ನೇ ಕರೆಯಬೇಕು. ವಾರಕ್ಕೊಮ್ಮೆ ಪ್ರಧಾನಿ ಬಂದಾಗ ಕೇಳಬಹುದು, ಹುರಿದುಂಬಿಸಬಹುದು, ಎಚ್ಚರಿಸಬಹುದು. ಆ ಮಾತು ಆ ಕೋಣೆಯಿಂದ ಹೊರಗೆ ಬರುವುದಿಲ್ಲ. ನಮ್ಮ ರಾಷ್ಟ್ರಪತಿಯನ್ನು ನೋಡಿದ ನಿನಗೆ ಇದು ಹೊಸದಲ್ಲ.

ಇದೆಲ್ಲ ಸುಮ್ನೆ ಬಂದದ್ದಲ್ಲ. 1642ರಲ್ಲಿ ಮೊದಲನೇ ಚಾರ್ಲ್ಸ್ ಸೈನಿಕರನ್ನು ಕರೆದುಕೊಂಡು ಕೆಳಮನೆಗೆ ನುಗ್ಗಿದ, ಐವರು ಸದಸ್ಯರನ್ನು ಹಿಡಿಯಲು. ಅವರು ಅಷ್ಟರಲ್ಲಿ ತಪ್ಪಿಸಿಕೊಂಡಿದ್ದರು. 1649ರಲ್ಲಿ ರಾಜನ ತಲೆಯೇ ಹೋಯಿತು. ಇವತ್ತಿಗೂ ರಾಜ ಕೆಳಮನೆಯೊಳಗೆ ಕಾಲಿಡುವುದಿಲ್ಲ, ಅವನು ಕಳಿಸಿದ ದೂತನ ಮುಖಕ್ಕೆ ಮೊದಲು ಬಾಗಿಲು ಹಾಕಿ ಆಮೇಲೆ ತೆಗೆಯುತ್ತಾರೆ. 1689ರಲ್ಲಿ ಹಕ್ಕುಗಳ ಮಸೂದೆ ಬಂತು. ಪಾರ್ಲಿಮೆಂಟ್ ಒಪ್ಪದೆ ರಾಜ ಕಾನೂನು ತಡೆಹಿಡಿಯುವಂತಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಟ್ಟುಕೊಳ್ಳುವಂತಿಲ್ಲ, ಕರ ಎತ್ತುವಂತಿಲ್ಲ.

ಆ ಕೊನೆಯ ಮಾತು ಓದಿದಾಗ ನನಗೆ ನಮ್ಮಜ್ಜ ನೆನಪಾದರು. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಆಮೇಲೆ ಅಂಕೋಲೆ, ಸಿದ್ದಾಪುರದ ಕಡೆ ಕರನಿರಾಕರಣೆ. ಕರ ಕೊಡುವುದಿಲ್ಲ ಎಂದವರ ಗದ್ದೆ, ಪಾತ್ರೆಪಗಡೆ, ಎತ್ತು ಜಪ್ತಿಯಾದವು. ಅಜ್ಜನ ಗದ್ದೆಯೂ ಹೋಯಿತು. ಎಷ್ಟೋ ವರ್ಷದ ಮೇಲೆ ಸ್ವಲ್ಪ ವಾಪಸು ಬಂತು, ಹೊಳೆ ಕಡೆಯ ತುಂಡು ಬರಲೇ ಇಲ್ಲ. ಒಪ್ಪಿಗೆಯಿಲ್ಲದೆ ಕರ ಎತ್ತಬಾರದು ಎಂದು ತಮ್ಮ ರಾಜನಿಗೆ 1689ರಲ್ಲೇ ಬರೆದುಕೊಟ್ಟವರು, ಅಂಕೋಲೆಯ ರೈತನ ಒಪ್ಪಿಗೆಯನ್ನು ಯಾವತ್ತೂ ಕೇಳಲಿಲ್ಲ. ಜಪ್ತಿಯಾದದ್ದು ಐದನೇ ಜಾರ್ಜನ ಹೆಸರಿನಲ್ಲಿ. ಆದರೆ ನಮ್ಮನ್ನು ಆಳಿದ್ದು ಅವನಲ್ಲ, ಮಂತ್ರಿಗಳು, ಪಾರ್ಲಿಮೆಂಟ್, ಅವರು ಕಳಿಸಿದ ಅಧಿಕಾರಿಗಳು. ಆ ಪಾರ್ಲಿಮೆಂಟಿಗೆ ಓಟು ಹಾಕಲು ನಮ್ಮ ತಾಲೂಕಿನಲ್ಲಿ ಕೂತ ಯಾರಿಗೂ ಹಕ್ಕಿರಲಿಲ್ಲ.

ಅದಕ್ಕೇ ಹೇಳುವುದು, ರಾಜನ ಕೈಯಿಂದ ಅಧಿಕಾರ ಹೋಯಿತು ಎಂದು ಕೇಳಿದ ತಕ್ಷಣ ಸಮಾಧಾನ ಮಾಡಿಕೊಳ್ಳಬೇಡ, ಅದು ಯಾರ ಕೈಗೆ ಹೋಯಿತು ನೋಡು. ಯುದ್ಧ ಸಾರುವುದು, ಬೇರೆ ದೇಶಗಳ ಜೊತೆ ಒಪ್ಪಂದ, ಪಾಸ್‌ಪೋರ್ಟ್ ಕೊಡುವುದು, ಇವೆಲ್ಲ ಇವತ್ತಿಗೂ ಕಾಗದದಲ್ಲಿ ರಾಜನ ವಿಶೇಷಾಧಿಕಾರಗಳೇ, ನಡೆಸುವವರು ಮಂತ್ರಿಗಳು. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟನ್ನು ಐದು ವಾರ ಮುಚ್ಚಬೇಕು ಎಂದು ರಾಣಿಗೆ ಸಲಹೆ ಕೊಟ್ಟರು. ರಾಣಿ ಆ ಸಲಹೆಯಂತೆ ನಡೆದರು, ಅವರಿಗೆ ಬೇರೆ ದಾರಿ ಇರಲಿಲ್ಲ. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರೂ ಒಂದೇ ದನಿಯಲ್ಲಿ ಅದು ಕಾನೂನುಬಾಹಿರ ಎಂದರು, ಪಾರ್ಲಿಮೆಂಟ್ ಮತ್ತೆ ಕೂತಿತು. ಆ ದಿನ ನಾನು ಕೆಲಸ ಬಿಟ್ಟು ತೀರ್ಪು ಕೇಳುತ್ತಾ ಕೂತಿದ್ದೆ. ಈ ದೇಶದ ಬಗ್ಗೆ ನನಗೆ ಹೆಮ್ಮೆ ಅನಿಸಿದ ದಿನಗಳಲ್ಲಿ ಅದೊಂದು, ಮನಸಾರೆ ಹೇಳುತ್ತೇನೆ.

ನಿನ್ನ ವೀಸಾ ಮಾತೂ ಇಷ್ಟೇ. ನಿಯಮ ಬರೆಯುವುದು ಅರಮನೆಯಲ್ಲ, ಮಂತ್ರಿ. 2006ರ ನವೆಂಬರಿನಲ್ಲಿ, ಹೆಚ್ಚು ಕೌಶಲ ಇದ್ದವರಿಗೆಂದು ಕೊಟ್ಟಿದ್ದ ವೀಸಾದ ನಿಯಮವನ್ನು ಆಗಲೇ ಮನೆಮಠ ಮಾರಿ ಬಂದವರಿಗೂ ಅನ್ವಯಿಸುವ ಹಾಗೆ ಬದಲಿಸಿದ್ದರು. 2008ರ ಏಪ್ರಿಲಿನಲ್ಲಿ ಹೈಕೋರ್ಟ್ ಅದು ಅನ್ಯಾಯ ಎಂದಿತು, ಆದರೆ ಅಷ್ಟರಲ್ಲಿ ಎಷ್ಟೋ ಜನ ವಾಪಸು ಹೋಗಿಯಾಗಿತ್ತು. ಸಂಬಳದ ಚೀಟಿ, ಬಾಡಿಗೆ ಕರಾರು, ಆಸ್ಪತ್ರೆಯವರ ಪತ್ರ, ಒಂದನ್ನೂ ಎಸೆಯಬೇಡ.

ಇನ್ನೊಂದು, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀನು ಇಲ್ಲಿಯ ಪಾರ್ಲಿಮೆಂಟ್ ಚುನಾವಣೆಗೆ ಓಟು ಹಾಕಬಹುದು, ಕಾಮನ್‌ವೆಲ್ತ್ ದೇಶದವಳು ಎಂಬ ಕಾರಣಕ್ಕೆ. ರಾಜನಿಗೆ ಪ್ರಮಾಣ ಬೇಕಿಲ್ಲ. ಮನೆ ಸಿಕ್ಕಿದ ಕೂಡಲೇ ಹೆಸರು ನೋಂದಾಯಿಸು. ನಮ್ಮಜ್ಜನಿಗೆ ಇಲ್ಲದ ಓಟು ಅದು.

ಈಗ ಪ್ರಮಾಣ. ಪೌರತ್ವದ ಸಮಾರಂಭದಲ್ಲಿ ರಾಜನಿಗೂ ಅವನ ವಾರಸುದಾರರಿಗೂ 'ಕಾನೂನಿನ ಪ್ರಕಾರ' ನಿಷ್ಠೆಯಿಂದ ಇರುತ್ತೇನೆ ಎನ್ನಬೇಕು. ದೇವರ ಹೆಸರು ಬೇಡದವರು ಅದಿಲ್ಲದೆಯೂ ಹೇಳಬಹುದು, ಆದರೆ ರಾಜನ ಹೆಸರು ಬಿಡುವ ಹಾಗಿಲ್ಲ. ಸಂಸದರೂ ಇಂಥದ್ದೇ ಪ್ರಮಾಣ ಮಾಡಬೇಕು. ಉತ್ತರ ಐರ್ಲೆಂಡಿನ ಶಿನ್ ಫೇನ್ ಪಕ್ಷದವರು ಗೆದ್ದರೂ ಮಾಡುವುದಿಲ್ಲ, ಹಾಗಾಗಿ ಸಭೆಯಲ್ಲಿ ಕೂರುವುದಿಲ್ಲ, ಅದಕ್ಕೆ ಅವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಕಾನೂನಿಗೆ ತಲೆಬಾಗಿದ ರಾಜನಿಗೆ ಕಾನೂನಿನ ಮಿತಿಯಲ್ಲಿ ನಿಷ್ಠೆ, ಅಷ್ಟು ಎಂದುಕೊಂಡೇ ನಾನು ಪ್ರಮಾಣ ಮಾಡಿದೆ. ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು, ಈ ಎಲಿಜಬೆತ್ ಆ ಐದನೇ ಜಾರ್ಜನ ಮೊಮ್ಮಗಳೇ ಅಲ್ವಾ ಎಂದು. ಹೌದು ಎಂದೆ. ಅವರು ಬೈಯಲಿಲ್ಲ. ಅಡಿಕೆ ದರದ ಬಗ್ಗೆ ಮಾತಾಡಿ ಫೋನ್ ಇಟ್ಟರು. ಅಪ್ಪ ಹೋದ ಮೇಲೂ ಆ ಪ್ರಶ್ನೆ ನನ್ನ ಜೊತೆಗೇ ಇದೆ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. ಇಲ್ಲಿಯ ಪೌರತ್ವ ತಗೊಂಡರೆ ಭಾರತದ್ದು ಹೋಗುತ್ತದೆ, ಎರಡೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. ಬದಲಿಗೆ ಓಸಿಐ ಕಾರ್ಡ್ ಕೊಡುತ್ತಾರೆ, ಹೊರದೇಶದ ಪೌರತ್ವ ತಗೊಂಡ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಗುರುತಿನ ಕಾರ್ಡ್ ಅದು. ಅದಿದ್ದರೆ ವೀಸಾ ಇಲ್ಲದೆ ಊರಿಗೆ ಹೋಗಬಹುದು, ಮನೆ ಕೊಳ್ಳಬಹುದು, ಅಪ್ಪನ ತೋಟ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಗದ್ದೆ ತೋಟ ಕೊಳ್ಳುವ ಹಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಜ್ಜನ ಕೈಬಿಟ್ಟುಹೋದ ಹೊಳೆ ಕಡೆಯ ತುಂಡು ಮಾರಾಟಕ್ಕೆ ಬಂತು. ಹಿಡಿದಿದ್ದವರ ಮಕ್ಕಳು ಒಳ್ಳೆಯವರು, ಮೊದಲು ನಿಮ್ಮನ್ನೇ ಕೇಳಬೇಕು ಎಂದು ನನಗೇ ಫೋನ್ ಮಾಡಿದರು. ದುಡ್ಡಿತ್ತು. ನಾನೊಬ್ಬನೇ ಮಗ, ಬೇರೆ ಯಾರ ಹೆಸರಿಗೆ ಮಾಡಿಸಲಿ? ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೂ ಹೊರಗಿರುವಷ್ಟು ದಿನ ಕೊಳ್ಳಲು ಬರುತ್ತಿರಲಿಲ್ಲ, ಆದರೆ ಊರಿಗೆ ಬಂದು ನೆಲೆಸಿದರೆ ಆಗುತ್ತಿತ್ತು. ನನಗೆ ಆ ದಾರಿಯೂ ಇರಲಿಲ್ಲ. ಈಗ ಅಲ್ಲಿ ಸೀಗಡಿ ಕೊಳ ಇದೆ. ಆ ನೋವು ಇನ್ನೂ ಆರಿಲ್ಲ, ಆರುತ್ತದೆ ಎಂದೂ ನನಗೆ ಅನಿಸುವುದಿಲ್ಲ.

ಪ್ರಮಾಣ ಮಾಡಬೇಡ ಎಂದು ನಾನು ಹೇಳುವುದಿಲ್ಲ. ನನ್ನ ಮಕ್ಕಳು ಇಲ್ಲಿ ಹುಟ್ಟಿದವರು, ಅವರ ಸಲುವಾಗಿ ಮಾಡಿದೆ. ನಿನಗೆ ಇನ್ನೂ ವರ್ಷಗಳು ಇವೆ. ಅಷ್ಟರೊಳಗೆ ಒಂದು ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ಕೂತು ಜಮೀನಿನ ಮಾತು ಪೂರ್ತಿ ಆಡಿಬಿಡು. ಪಹಣಿ ತೆಗೆಸು, ಯಾರ ಯಾರ ಹೆಸರಿದೆ ನೋಡು, ಅಣ್ಣ ತಮ್ಮಂದಿರು ಇದ್ದರೆ ಅವರ ಎದುರೇ ಕೇಳು. ಕಾರವಾರದ ಕಡೆ ಸೀಬರ್ಡ್ ನೌಕಾನೆಲೆಗೆ ಜಾಗ ಹೋದ ಮನೆಯಾದರೆ ಪರಿಹಾರದ ಕಾಗದಗಳ ಒಂದು ಪ್ರತಿಯನ್ನೂ ನಿನ್ನ ಹತ್ತಿರ ಇಟ್ಟುಕೋ.