ಡೆನ್ಮಾರ್ಕ್ ಬೆಳ್ಳಿಯ ಮೇಲೆ 830 ಎಂದಿದ್ದರೆ ನಕಲಿಯೇ?

ಪ್ರಶ್ನೆ: ಕೆಲಸದ ಮೇಲೆ ಕೋಪನ್‌ಹೇಗನ್‌ನಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಜಾರ್ಜ್ ಜೆನ್ಸೆನ್ ಕಂಪನಿಯ ‘ಏಕಾರ್ನ್’ (ಓಕ್ ಮರದ ಕಾಯಿ) ವಿನ್ಯಾಸದ ಆರು ಫೋರ್ಕ್, ಆರು ಚಾಕು ನೋಡಿಟ್ಟಿದ್ದೇನೆ. ಫೋರ್ಕಿನ ಮೇಲೆ 925 ಇಲ್ಲ, 830 ಎಂದಿದೆ. ಇದು ಮೋಸವೇ? ಹಿಡಿಯ ಗೆರೆಗಳಲ್ಲಿ ಕಪ್ಪು ಕೂತಿದೆ. ಊರಲ್ಲಿ ಅಮ್ಮ ಮಾಡುವಂತೆ ವಿಭೂತಿ ಹಾಕಿ ಉಜ್ಜಬಹುದೇ?

ಉತ್ತರ: ಮೋಸವಲ್ಲ. ಏಕಾರ್ನ್ ಅನ್ನು ಯೋಹಾನ್ ರೋಡೆ ವಿನ್ಯಾಸ ಮಾಡಿದ್ದು 1915ರಲ್ಲಿ. ಆ ಕಂಪನಿಯ ಆರಂಭದ ಕೆಲಸದಲ್ಲಿ 830 ಬೆಳ್ಳಿ ಮಾಮೂಲು, 925 ಆಮೇಲಿನದು. 830 ಎಂದರೆ ಸಾವಿರಕ್ಕೆ 830 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. 300 ಗ್ರಾಂ ತೂಗುವ ಫೋರ್ಕುಗಳಲ್ಲಿ 249 ಗ್ರಾಂ ಅಪ್ಪಟ ಬೆಳ್ಳಿ ಇರುತ್ತದೆ.

ಅಂಕಿಯ ಪಕ್ಕದಲ್ಲಿ ಮೂರು ಗೋಪುರದ ಮುದ್ರೆ ಇದೆಯೇ ನೋಡಿ. ಅದು ಬೆಳ್ಳಿಯ ಶುದ್ಧತೆಗೆ ಡೆನ್ಮಾರ್ಕಿನ ಪರೀಕ್ಷಾ ಮುದ್ರೆ. ಗೋಪುರದ ಕೆಳಗಿನ ಎರಡು ಅಂಕಿಯೇ ವರ್ಷ: 27 ಎಂದರೆ 1927. ಜೊತೆಗಿರುವ ಪರೀಕ್ಷಕರ ಮುದ್ರೆಯೂ ವರ್ಷಕ್ಕೆ ಹೊಂದಬೇಕು. 1932ರವರೆಗೆ ಕ್ರಿಶ್ಚಿಯನ್ ಹೈಸೆ, ಅಲ್ಲಿಂದ 1960ರವರೆಗೆ ಯೋಹಾನೆಸ್ ಸಿಗ್ಗಾರ್ಡ್. ಚುಕ್ಕಿಗಳ ಅಂಡಾಕಾರದೊಳಗೆ ಕಂಪನಿಯ ಹೆಸರಿದ್ದರೆ ಅದು 1945ರ ನಂತರದ್ದು. ‘ಪ್ಲೆಟ್’ ಎಂಬ ಪದ ಕಂಡರೆ ಮಾತ್ರ ಅದು ಬೆಳ್ಳಿ ಲೇಪ, ಗಟ್ಟಿ ಬೆಳ್ಳಿಯಲ್ಲ.

ಮುದ್ರೆ ಸರಿಯಿದ್ದರೂ ಸವೆತ ನೋಡದೆ ದುಡ್ಡು ಕೊಡಬೇಡಿ. ಆರೂ ಫೋರ್ಕುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ತುದಿ ಸಮ ಇದೆಯೇ ಪರೀಕ್ಷಿಸಿ. ಸವೆದ ಹಲ್ಲನ್ನು ಅರದಿಂದ ಉಜ್ಜಿ ಸರಿಮಾಡಿದ್ದರೆ ಆ ಫೋರ್ಕ್ ಗಿಡ್ಡವಾಗಿರುತ್ತದೆ, ಹಲ್ಲಿನ ತುದಿ ಮೊಂಡಾಗಿರುತ್ತದೆ. ಹಿಡಿಯ ಹಿಂಬದಿಗೆ ಬಾಯಿಂದ ಹಬೆ ಊದಿ ನೋಡಿ: ಅಳಿಸಿದ ಹೆಸರಿನಕ್ಷರ, ಬೆಸುಗೆಯ ಗೆರೆ ಒಂದು ಕ್ಷಣ ಎದ್ದು ಕಾಣುತ್ತದೆ. ಅಕ್ಷರ ಕೆತ್ತಿ ತೆಗೆದ ಜಾಗ ಹೆಬ್ಬೆರಳಿಗೆ ತಗ್ಗಾಗಿ ಸಿಗುತ್ತದೆ. ಅಂಥದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಅಕ್ಷರ ಹಾಗೇ ಉಳಿದಿದ್ದರೆ ಅದೇ ವಾಸಿ.

ಚಾಕುವನ್ನು ತೂಕಕ್ಕೆ ಸೇರಿಸಲೇಬೇಡಿ. ಅಲಗು ಸ್ಟೀಲಿನದು, ಟೊಳ್ಳು ಹಿಡಿಯೊಳಗೆ ಅಂಟು ತುಂಬಿರುತ್ತದೆ. ಕಿವಿಯ ಬಳಿ ಹಿಡಿದು ಅಲುಗಾಡಿಸಿ. ಗಲಗಲ ಸದ್ದಾದರೆ ಅಂಟು ಸಡಿಲಗೊಂಡಿದೆ. ಡಿಶ್‌ವಾಷರ್‌ನ ಬಿಸಿ ನೀರಿಗೆ ಹೀಗಾಗುವುದೇ ಹೆಚ್ಚು.

ಇನ್ನು ಆ ಕಪ್ಪು. ಅದು ಕೊಳೆಯಲ್ಲ. ಓಕ್ ಕಾಯಿಯ ಆಕಾರ ಎದ್ದು ಕಾಣಲೆಂದೇ ಗೆರೆಗಳಲ್ಲಿ ಕಪ್ಪು ಉಳಿಸಿರುತ್ತಾರೆ. ಅದು ಹೋದರೆ ಹಿಡಿ ಸಪ್ಪೆಯಾಗುತ್ತದೆ, ಕೊಳ್ಳುವವರೂ ಹಿಂಜರಿಯುತ್ತಾರೆ. ಹಾಗಾಗಿ ವಿಭೂತಿ, ಹುಣಸೆಹಣ್ಣು ಬೇಡ. ಅಲ್ಯೂಮಿನಿಯಂ ಹಾಳೆ-ಸೋಡಾ, ಅದ್ದಿ ತೆಗೆಯುವ ದ್ರಾವಣ ಎರಡೂ ಬೇಡವೇ ಬೇಡ. ಉಗುರುಬೆಚ್ಚಗಿನ ಸೋಪುನೀರಲ್ಲಿ ಕೈಯಿಂದ ತೊಳೆದು ತಕ್ಷಣ ಒರೆಸಿ. ಹೊಳಪು ಬೇಕಿದ್ದರೆ ಉಬ್ಬಿದ ಭಾಗಕ್ಕಷ್ಟೇ ಬೆಳ್ಳಿ ಉಜ್ಜುವ ಬಟ್ಟೆ ಆಡಿಸಿ. ಮೊಟ್ಟೆ, ಉಪ್ಪು ತಾಗಿದ್ದನ್ನು ರಾತ್ರಿಯೆಲ್ಲ ಬಿಡಬೇಡಿ. ಕಟ್ಟಿಡಲು ರಬ್ಬರ್ ಬ್ಯಾಂಡ್ ಬಳಸಿದರೆ ಅದರ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟಿ ಬರೆಯುತ್ತದೆ. ಹತ್ತಿಯ ದಾರ ಸಾಕು.